ಎಡಕ್ಕೆ ಸರಿದ ಕಿಟಕಿ

"ನಿಲ್ಸಿ ಅಕ್ಕ, ಸಾಕು. ನೋಡಿ ನೋಡಿ, ಅದನ್ನ ಹಾಕಿದ್ದು ನಾನೇ ಏನೋ ಅಂತ ನನಗೇ ಅನುಮಾನ ಬರ್ತಿದೆ."

ಮುಂಗೋಳಿ ಮುಖ ಪಕ್ಕಕ್ಕೆ ತಿರುಗಿಸಿದಳು. ಬಾಗಿಲಕ್ಕ ನಿಲ್ಲಿಸಲಿಲ್ಲ. ಅವಳ ಲ್ಯಾಪ್‌ಟಾಪಿನ ಪರದೆಯ ಮೇಲೆ ಗಣಿತದ ಟೀಚರ್ ಅಡಿಪಟ್ಟಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಗಲ್ಲ ಮೇಲೆತ್ತಿ, ಥೇಟ್ ಪ್ರಿನ್ಸಿಪಾಲ್ ಮೇಡಂ ನಡೆಯುವ ಹಾಗೆ ಹೆಜ್ಜೆ ಹಾಕುತ್ತಿದ್ದರು.

"ಶಿಸ್ತು ಅಂದ್ರೆ ಏನು ಮಕ್ಕಳೇ? ಶಿಸ್ತು ಅಂದ್ರೆ ನಾನು."

ಆಮೇಲೆ ದನಿ ಬದಲಿಸಿ ಯಾವುದೋ ಹುಡುಗನ ತಾಯಿಯಾದರು. "ನನ್ನ ಮಗ ತುಂಬಾ ಬುದ್ಧಿವಂತ ಮಿಸ್. ಕ್ಯಾಮೆರಾ ಆಫ್ ಇದ್ದಾಗಂತೂ ಇನ್ನೂ ಬುದ್ಧಿವಂತ."

ಬೇರೆ ಯಾವಾಗಲಾದರೂ ಆಗಿದ್ದರೆ ಬಾಗಿಲಕ್ಕನಿಗೆ ನಗು ತಡೆಯಲು ಆಗುತ್ತಿರಲಿಲ್ಲ. ಆದರೆ ಹೋದ ವಾರ, ಪೋಷಕರೂ ಪ್ರಿನ್ಸಿಪಾಲರೂ ಕೂತು ನೋಡುತ್ತಿದ್ದ ತರಗತಿಯ ನಡುವೆ, ಮುಂಗೋಳಿಯ ಹೆಸರಿದ್ದ ಚೌಕದಿಂದ ಈ ತುಣುಕು ಎಲ್ಲರ ಪರದೆಗೂ ಬಂದು ಬಿದ್ದಿತ್ತು. ಇವತ್ತು ಸಂಜೆಯ ಸಭೆಯಲ್ಲಿ ಅವಳ ಹೆಸರನ್ನು ಶಾಲೆಯಿಂದ ಹೊಡೆದುಹಾಕುತ್ತಾರೆ. ನಡತೆ ಸರಿಯಿಲ್ಲ ಎಂದು ಬರೆದ ಸರ್ಟಿಫಿಕೇಟ್ ಹಿಡಿದು ಬಂದ ಹುಡುಗಿಯನ್ನು ಇನ್ನೊಂದು ಶಾಲೆ ಒಳಗೆ ಬಿಟ್ಟುಕೊಳ್ಳುವುದು ಅಷ್ಟರಲ್ಲೇ ಇದೆ.

ಬಾಗಿಲಕ್ಕನ ಶಾಲೆಗೆ ಕಟ್ಟಡವೇ ಇರಲಿಲ್ಲ. ಗೋಡೆ, ಗಂಟೆ, ಮೈದಾನ ಯಾವುದೂ ಇಲ್ಲ. ಊರೂರಿನ ಮಕ್ಕಳು ತಂತಮ್ಮ ಮನೆಯಲ್ಲೇ ಕೂತು ಪರದೆಯ ಮೇಲೆ ಚೌಕಗಳಾಗಿ ಸೇರುತ್ತಿದ್ದರು. ಪ್ರತಿ ತರಗತಿಗೂ ಮುಂಚೆ ಮಕ್ಕಳು ವೇಟಿಂಗ್ ರೂಮಿನಲ್ಲಿ ಕಾಯಬೇಕು. ಹೆಸರು ನೋಡಿ, ಮುಖ ನೋಡಿ ಒಬ್ಬೊಬ್ಬರನ್ನೇ ಒಳಗೆ ಬಿಡುವುದು ಅವಳ ಕೆಲಸ. ಗಲಾಟೆ ಮಾಡಿದವರ ಮೈಕು ಮುಚ್ಚುವುದು, ಟೀಚರ ತ್ರಿಕೋನಕ್ಕೆ ಮೀಸೆ ಬರೆದವರನ್ನು ಹಿಡಿಯುವುದು, ತನ್ನ ಫೋಟೋವನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿ ಮಲಗಲು ಹೋದವನನ್ನು ಎಬ್ಬಿಸುವುದೂ ಅವಳದೇ. ಒಬ್ಬ ಹುಡುಗನಂತೂ ತನ್ನ ಹೆಸರನ್ನೇ 'ಕನೆಕ್ಟ್ ಆಗುತ್ತಿದೆ' ಎಂದು ಬದಲಿಸಿಕೊಂಡು ತಿಂಗಳಾನುಗಟ್ಟಲೆ ಪ್ರಶ್ನೆಗಳಿಂದ ತಪ್ಪಿಸಿಕೊಂಡಿದ್ದ. ಬಾಗಿಲಕ್ಕ ಎಂದು ಹೆಸರಿಟ್ಟವನೂ ಅವನೇ.

ಅವಳಿಗೆ ಈ ಕೆಲಸ ಒಗ್ಗಿತ್ತು. ಎದುರಿಗೆ ಮನುಷ್ಯರಿದ್ದರೆ ನಾಲಗೆ ಒಣಗುವ ಸ್ವಭಾವ ಅವಳದು. ಇಲ್ಲಿ ತನ್ನ ಕ್ಯಾಮೆರಾ ಮುಚ್ಚಿಟ್ಟು, ಯಾರಿಗೂ ಕಾಣದೆ, ಎಲ್ಲರನ್ನೂ ನೋಡುತ್ತಾ ಇರಬಹುದಿತ್ತು.

ವೇಟಿಂಗ್ ರೂಮಿನಲ್ಲಿ ಪ್ರತಿದಿನ ಎಲ್ಲರಿಗಿಂತ ಮುಂಚೆ ಬಂದು ಕೂರುತ್ತಿದ್ದವಳು ಈ ಹುಡುಗಿ. ಅದಕ್ಕೇ ಮುಂಗೋಳಿ. ಇಡೀ ತರಗತಿಯಲ್ಲಿ ಬಾಗಿಲಕ್ಕನ ಊರಿನವಳು ಇವಳೊಬ್ಬಳೇ. ಗಣಿತದ ಟೀಚರ ಮನೆಯೂ ಇದೇ ಊರಿನಲ್ಲಿತ್ತು. ಪ್ರಿನ್ಸಿಪಾಲರ ಅನುಮಾನ ಗಟ್ಟಿಯಾಗಲು ಅದೂ ಒಂದು ಕಾರಣ.

"ಆವತ್ತು ಏನಾಯ್ತು, ಇನ್ನೊಂದ್ಸಲ ಹೇಳು."

"ಎಷ್ಟು ಸಲ ಅಕ್ಕ? ತರಗತಿ ಶುರುವಾಗೋ ಹೊತ್ತಿಗೆ ಫೋನು ನನ್ನ ಹೊರಗೆ ಹಾಕ್ತು. ವಾಪಸ್ ಬರೋಕೆ ಹೋದ್ರೆ ನೀನು ಆಗ್ಲೇ ಒಳಗಿದ್ದೀಯ ಅಂತು. ಒಳಗಿದ್ದೋಳು ನಾನಲ್ಲ."

ಒಮ್ಮೆ ಒಳಗೆ ಬಿಟ್ಟವರು ಕನೆಕ್ಷನ್ ಹೋಗಿ ವಾಪಸ್ ಬಂದರೆ ಬಾಗಿಲಕ್ಕ ಮತ್ತೆ ಮುಖ ನೋಡುತ್ತಿರಲಿಲ್ಲ; ಆವತ್ತೂ ಹಾಗೇ ಬಿಟ್ಟಿದ್ದಳು.

"ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

ಆ 'ಇಲ್ಲ' ಪ್ರಶ್ನೆ ಮುಗಿಯುವ ಮುಂಚೆಯೇ ಬಂದಿತ್ತು. ಬಾಗಿಲಕ್ಕ ಅದನ್ನು ಮನಸ್ಸಿನಲ್ಲಿ ಒಂದು ಕಡೆ ಎತ್ತಿಟ್ಟಳು.

ಇನ್ನೊಂದು ವಿಷಯವೂ ಅವಳನ್ನು ಕೊರೆಯುತ್ತಿತ್ತು. ಹುಡುಗಿಯನ್ನು ತರಗತಿಯಿಂದ ಹೊರಗಿಟ್ಟ ಮೇಲೂ ಅವಳ ಹೆಸರು ಗಣಿತದ ತರಗತಿಗೆ ದಿನಾ ಬಂದು ಬಾಗಿಲು ತಟ್ಟುತ್ತಿತ್ತು. ಬಾಗಿಲಕ್ಕ ತೆಗೆಯುತ್ತಿರಲಿಲ್ಲ. "ಮೊಂಡುತನ ನೋಡಿ ಆ ಹುಡುಗಿದು" ಎಂದಿದ್ದರು ಪ್ರಿನ್ಸಿಪಾಲರು. ತಾನಲ್ಲ ಎಂದು ಮುಂಗೋಳಿ ಅತ್ತಿದ್ದಳು. ಇಬ್ಬರಲ್ಲಿ ಯಾರನ್ನು ನಂಬುವುದು?

ಪರದೆಯ ಮೇಲೆ ಟೀಚರ್ ಮತ್ತೆ ಪ್ರಿನ್ಸಿಪಾಲರಾಗಿ ತಿರುಗಿದರು. ಅವರ ಹಿಂದೆ ಕಿಟಕಿ, ಪರದೆಬಟ್ಟೆಯ ಕೆಳಗೆ ಒಂದು ಬಾಲ ಅಲ್ಲಾಡುತ್ತಿತ್ತು.

"ಇವರ ಬೆಕ್ಕಿಗೂ ಆವತ್ತು ತಲೆ ಕೆಟ್ಟಿತ್ತು ಅನ್ಸತ್ತೆ" ಎಂದಳು ಮುಂಗೋಳಿ, ಬೇಸರದಲ್ಲೇ. "ತನ್ನ ಜಾಗ ಬಿಟ್ಟು ಬೇರೆ ಕಡೆ ಕೂತಿದೆ."

"ಯಾಕೆ? ಕಿಟಕಿಯಲ್ಲೇ ಇದ್ಯಲ್ಲ."

"ಕಿಟಕಿಯಲ್ಲೇ ಇದೆ. ಆದ್ರೆ ಬಲಗಡೆ ಇರ್ಬೇಕಿತ್ತು. ಬಲಗಡೆ ಮೂಲೆ ಬೆಕ್ಕಿನ ಬೆಂಚು ಅಂತ ನಾವೆಲ್ಲ..."

ಹುಡುಗಿಯ ಮಾತು ಅರ್ಧಕ್ಕೇ ನಿಂತಿತು. ಬಾಗಿಲಕ್ಕ ಆಗಲೇ ತುಣುಕನ್ನು ನಿಲ್ಲಿಸಿದ್ದಳು.

ಜಾಗ ಬದಲಿಸಿದ್ದು ಬೆಕ್ಕಲ್ಲ. ಕಿಟಕಿಯೇ ಎಡಕ್ಕೆ ಹೋಗಿ ನಿಂತಿತ್ತು.

ವರ್ಷದಿಂದ ದಿನಾ ನೋಡಿದ ಕೋಣೆ. ಕಿಟಕಿ ಬಲಕ್ಕೆ, ಪುಸ್ತಕದ ಕಪಾಟು ಎಡಕ್ಕೆ. ಈ ತುಣುಕಿನಲ್ಲಿ ಕಪಾಟು ಬಲಕ್ಕಿದೆ. ಕಂಕುಳಿನಿಂದ ತೆಗೆದ ಅಡಿಪಟ್ಟಿ ಟೀಚರ ಎಡಗೈಯಲ್ಲಿದೆ. ಬಲಗೈಯಲ್ಲಿ ಬರೆಯುವ ಟೀಚರ್.

"ಅಮ್ಮಾ, ನಿನ್ನ ಫೋನ್ ಕೊಡು ಒಂದು ನಿಮಿಷ."

ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ ಬಾಗಿಲಕ್ಕನ ತಾಯಿ ಫೋನನ್ನು ಎದೆಗವಚಿಕೊಂಡೇ ನಿಂತರು. "ಯಾಕೆ?"

"ಕ್ಲಾಸಿಗೆ ಸೇರಿಸ್ಬೇಕು. ಖಾಲಿ ಕ್ಲಾಸು."

"ಖಾಲಿ ಕ್ಲಾಸಿಗೆ ನಾನು ಯಾಕೆ? ತುಂಬಿದ ಕ್ಲಾಸಲ್ಲೇ ನನಗೆ ಏನೂ ಹತ್ತಿಲ್ಲ."

ಆದರೂ ಕೊಟ್ಟರು. ಬಾಗಿಲಕ್ಕ ಎಷ್ಟೋ ದಿನದ ಮೇಲೆ ತನ್ನ ಕ್ಯಾಮೆರಾ ತೆರೆದಳು. ಲ್ಯಾಪ್‌ಟಾಪಿನಲ್ಲಿ ಅವಳ ಮುಖದ ಹಿಂದೆ ಕೋಣೆಯ ಬಾಗಿಲು ಎಡಕ್ಕಿತ್ತು. ತಾಯಿಯ ಫೋನಿನಲ್ಲಿ ಅದೇ ಮುಖ, ಅದೇ ಹೊತ್ತು, ಬಾಗಿಲು ಬಲಕ್ಕೆ.

"ನಮ್ಮನ್ನ ನಾವು ನೋಡ್ಕೊಳ್ಳೋ ಚೌಕ ಕನ್ನಡಿ ಥರ" ಎಂದಳು ಬಾಗಿಲಕ್ಕ ನಿಧಾನವಾಗಿ. "ಅದರಲ್ಲಿ ಎಡಬಲ ತಿರುಗಿರತ್ತೆ. ಬೇರೆಯವರಿಗೆ ನೆಟ್ಟಗೆ ಕಾಣತ್ತೆ. ನಿಮ್ಮಲ್ಲಿ ಯಾರೇ ಕದ್ದು ರೆಕಾರ್ಡ್ ಮಾಡಿದ್ರೂ ಕಿಟಕಿ ಬಲಗಡೆನೇ ಇರ್ಬೇಕಿತ್ತು."

"ಎಡಗಡೆ ಕಾಣೋದು..."

"ಟೀಚರಿಗೊಬ್ಬರಿಗೇ. ಇದು ಅವರ ಕಂಪ್ಯೂಟರಿನ ಪರದೆಯಿಂದಾನೇ ತೆಗೆದಿದ್ದು."

ತಾಯಿ ಎರಡೂ ಪರದೆಗಳನ್ನು ಬಗ್ಗಿ ನೋಡಿದರು. "ಒಂದೇ ಮುಖಾನ ಎರಡೆರಡು ಕಡೆ ನೋಡ್ಕೊಳ್ಳೋಕೆ ನನ್ನ ಫೋನ್ ಬೇಕಿತ್ತಾ? ಇರೋದು ಒಂದು ಕಡೆ ನೋಡೋ ಅಷ್ಟೇ ಅಲ್ವೇನೆ."

ಬಾಗಿಲಕ್ಕ ನಗಲಿಲ್ಲ. ತಾನೇ ತನ್ನ ಮಾನ ಕಳೆಯುವ ತುಣುಕನ್ನು ಟೀಚರ್ ಯಾಕೆ ರೆಕಾರ್ಡ್ ಮಾಡುತ್ತಾರೆ? ಅವರು ಮಾಡದಿದ್ದರೆ, ಅವರ ಕಂಪ್ಯೂಟರಿನ ಮುಂದೆ ಕೂತವರು ಯಾರು?

ಗಣಿತದ ತರಗತಿಗೆ ಇನ್ನೂ ಹೊತ್ತಿತ್ತು. ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡಳು. ಮುಂಗೋಳಿಯ ಫೋನನ್ನು ಇಸಿದುಕೊಂಡು ತಾಯಿಯ ಕೈಗೆ ಕೊಟ್ಟಳು.

"ಇದು ನಾವು ಬರೋವರೆಗೂ ನಿನ್ನ ಹತ್ರಾನೇ ಇರ್ಲಿ. ಯಾರಾದ್ರೂ ಕೇಳಿದ್ರೆ, ಇಡೀ ಮಧ್ಯಾಹ್ನ ನನ್ನ ಹತ್ರಾನೇ ಇತ್ತು ಅಂತ ಹೇಳ್ಬೇಕು."

"ಪತ್ತೇದಾರಿ ಕೆಲಸಕ್ಕೂ ಸೇರಿಸಿಯೇ ಸಂಬಳ ಕೊಡ್ತಾರಾ ನಿಮ್ಮ ಶಾಲೆಯಲ್ಲಿ?" ಎಂದರು ತಾಯಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ.

* * *

ದಾರಿಯುದ್ದಕ್ಕೂ ಮುಂಗೋಳಿ ಮಾತಾಡಿದಳು. ಭಯವಾದರೆ ಕೆಲವರಿಗೆ ಮಾತು ಕಟ್ಟುತ್ತದೆ, ಇವಳಿಗೆ ಹರಿಯುತ್ತದೆ ಎಂದು ಬಾಗಿಲಕ್ಕನಿಗೆ ಆಗ ಗೊತ್ತಾಯಿತು.

"ಅಣ್ಣ ಊರಲ್ಲಿ ಇದ್ದಿದ್ರೆ ವಿಷಯ ಇಷ್ಟು ದೂರ ಬರ್ತಾನೇ ಇರ್ಲಿಲ್ಲ ಅಕ್ಕ. ನೇರ ಪ್ರಿನ್ಸಿಪಾಲ್ ಮುಂದೆ ಹೋಗಿ ಕೂತುಬಿಡ್ತಿದ್ದ."

"ಎಲ್ಲಿದಾನೆ ಅಣ್ಣ?"

"ಬೇರೆ ಊರಲ್ಲಿ. ಅಂಗಡಿ ಕೆಲಸ. ಹೋಗೋ ಮುಂಚೆ ನನಗೆ ಫೋನ್ ತಂದ್ಕೊಟ್ಟು, ಎಲ್ಲಾ ಹಾಕ್ಕೊಟ್ಟು ಹೋದ. ದಿನಾ ಫೋನ್ ಮಾಡ್ತಾನೆ." ಅವಳ ಮುಖದಲ್ಲಿ ಆ ವಾರದಲ್ಲೇ ಮೊದಲ ಸಲ ನಗು ಬಂತು. "ಮಾಡಿದ ತಕ್ಷಣ ಮಾತಾಡಲ್ಲ. ಮೊದಲು ಗಂಟಲಲ್ಲೇ ಹಳೇ ಸ್ಕೂಟರ್ ಕಿಕ್ ಹೊಡೀತಾನೆ. ಕ್ರ್‌ರ್... ಕ್ರ್‌ರ್... ಎರಡು ಸಲ. ಆಮೇಲೆ ಗಾಡಿ ಹೊರಡತ್ತೆ. ಅಮ್ಮ ಅಂತೂ, ನಿನ್ನ ಮದುವೆಯಲ್ಲಿ ಒಪ್ಪಿಗೆ ಕೇಳಿದಾಗ ನೀನು ಕಿಕ್ ಹೊಡೆಯೋ ಹೊತ್ತಿಗೆ ಹುಡುಗಿ ಎದ್ದು ಹೋಗಿರ್ತಾಳೆ ಅಂತ ಆಡ್ಕೊತಾಳೆ."

ಅಣ್ಣನ ಗಂಟಲನ್ನು ಅವಳು ಎಷ್ಟು ಚೆನ್ನಾಗಿ ಅನುಕರಿಸಿದಳೆಂದರೆ ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು.

"ಅವನಿಗೆ ಹೇಳಿದ್ಯಾ ಇದನ್ನೆಲ್ಲ?"

"ಹೇಳಿದೆ." ನಗು ಮಾಯವಾಯಿತು. "ಏನೂ ಅನ್ಲಿಲ್ಲ. ಅದೇ ವಿಚಿತ್ರ. ಸುಮ್ಮನೆ ಕೇಳಿಸ್ಕೊಂಡ. ನಿನ್ನ ಟೀಚರ್ ಹೇಗಿದಾರೆ ಅಂತ ಕೇಳಿದ."

* * *

ಗಣಿತದ ಟೀಚರ ಮನೆಯ ಕರೆಗಂಟೆ ಒತ್ತಿ ಬಹಳ ಹೊತ್ತು ಕಾಯಬೇಕಾಯಿತು. ಒಳಗೆ ಕುರ್ಚಿ ಎಳೆದ ಸದ್ದು, ಆಮೇಲೆ ಯಾವುದೋ ಬಾಗಿಲು ಮುಚ್ಚಿದ ಸದ್ದು. ಕೊನೆಗೆ ಚಿಲಕ ಸರಿಯಿತು.

ಟೀಚರ್ ಮೂವತ್ತರ ಆಸುಪಾಸಿನವರು. ಪರದೆಯ ಮೇಲೆ ಕಾಣುವುದಕ್ಕಿಂತ ಚಿಕ್ಕವರಾಗಿ, ಬಳಲಿದವರಾಗಿ ಕಂಡರು. ಮುಂಗೋಳಿಯನ್ನು ನೋಡಿದ್ದೇ ಅವರ ಕೈ ಬಾಗಿಲನ್ನು ಮತ್ತೆ ಅರ್ಧ ಮುಚ್ಚಿತು.

"ಇವಳನ್ನ ಯಾಕೆ ಕರ್ಕೊಂಡು ಬಂದ್ರಿ?"

ದನಿ ಪಿಸುಮಾತಿನಂತಿತ್ತು. ಮೈಕೇ ಬೇಡದ ಗಂಟಲು ಎಂದು ಇಡೀ ಶಾಲೆ ಹೇಳುವ ಟೀಚರ್. ಗಂಟಲು ಕಟ್ಟಿರಬೇಕು ಅಂದುಕೊಂಡಳು ಬಾಗಿಲಕ್ಕ.

"ಹತ್ತೇ ನಿಮಿಷ ಮೇಡಂ. ಸಂಜೆ ಸಭೆಗೆ ಮುಂಚೆ ನಿಮ್ಮ ಹತ್ರ ಒಂದು ಮಾತು ಕೇಳ್ಬೇಕಿತ್ತು."

"ಫೋನಲ್ಲಿ ಕೇಳ್ಬಹುದಿತ್ತಲ್ಲ."

"ಫೋನಲ್ಲಿ ಕೇಳಿದ್ರೆ ನಿಮ್ಮ ಮುಖ ಕಾಣಲ್ಲ ಮೇಡಂ."

ಹಾಗೆಂದದ್ದು ತಾನೇ ಎಂದು ಬಾಗಿಲಕ್ಕನಿಗೆ ನಂಬಲಾಗಲಿಲ್ಲ. ಟೀಚರ್ ಅವಳನ್ನು ಒಂದು ಗಳಿಗೆ ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಮುಂದಿನ ಕೋಣೆಯೇ ತರಗತಿಯ ಕೋಣೆ. ವರ್ಷದಿಂದ ನೋಡಿದ ಗೋಡೆಯನ್ನು ಮೊದಲ ಸಲ ಕೈಯಲ್ಲಿ ಮುಟ್ಟುವಷ್ಟು ಹತ್ತಿರದಿಂದ ನೋಡುವುದು ಬೇರೆಯದೇ ಅನುಭವ. ಕಪಾಟು, ಬಿಳಿಯ ಬೋರ್ಡು, ಕಿಟಕಿ. ಕಿಟಕಿಯ ಅಂಚು ಖಾಲಿ ಇತ್ತು. ಬೆಕ್ಕು ಅಲ್ಲಿರಲಿಲ್ಲ. ಅದು ಒಳಕೋಣೆಯ ಮುಚ್ಚಿದ ಬಾಗಿಲಿನ ಮುಂದೆ ಕೂತು, ಮೂಗನ್ನು ಬಾಗಿಲ ಸಂದಿಗೆ ಇಟ್ಟುಕೊಂಡು, ಯಾರೋ ತೆಗೆಯುತ್ತಾರೆ ಎಂಬಂತೆ ಕಾಯುತ್ತಿತ್ತು.

"ಮನೆಯಲ್ಲಿ ಯಾರಿದಾರೆ ಮೇಡಂ?"

"ಯಾರೂ ಇಲ್ಲ. ನಾನೊಬ್ಬಳೇ. ಕೂತ್ಕೊಳ್ಳಿ."

ಟೀಚರ್ ತಮ್ಮ ಜಾಗದಲ್ಲಿ ಕೂತರು. ಮೇಜಿನ ಈಚೆ ಬದಿಗೆ, ಕ್ಯಾಮೆರಾಕ್ಕೆ ಎಂದೂ ಕಾಣದ ಕಡೆ, ಇನ್ನೊಂದು ಕುರ್ಚಿಯಿತ್ತು. ಬಾಗಿಲಕ್ಕ ಅದರಲ್ಲಿ ಕೂತಳು. ಕುರ್ಚಿ ಬೆಚ್ಚಗಿತ್ತು.

ಮೇಜಿನ ಮೇಲೆ ಕಂಪ್ಯೂಟರಿನ ಜಾಗ ಖಾಲಿಯಾಗಿ, ಧೂಳಿಲ್ಲದ ಚೌಕವೊಂದು ಮಾತ್ರ ಉಳಿದಿತ್ತು.

"ನಿಮ್ಮ ಲ್ಯಾಪ್‌ಟಾಪ್ ಎಲ್ಲಿ ಮೇಡಂ?"

"ರಿಪೇರಿಗೆ ಹೋಗಿದೆ. ಈ ವಾರ ಎಲ್ಲ ಫೋನಲ್ಲೇ ಪಾಠ ಮಾಡ್ತಿದೀನಿ, ನಿಮಗೂ ಗೊತ್ತಲ್ಲ."

ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ. ಗೋಡೆಯ ಪ್ಲಗ್ಗಿನಿಂದ ಹೊರಟ ಕಪ್ಪು ವೈರೊಂದು ನೆಲದ ಮೇಲೆ ಹರಿದು, ಬೆಕ್ಕಿನ ಪಕ್ಕದಲ್ಲೇ ಹಾದು, ಮುಚ್ಚಿದ ಬಾಗಿಲಿನ ಅಡಿಯಿಂದ ಒಳಗೆ ಹೋಗಿತ್ತು. ಪ್ಲಗ್ಗಿನ ಸ್ವಿಚ್ಚಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು.

ಬಾಗಿಲಕ್ಕನ ನೋಟ ಹೋದ ಕಡೆ ಟೀಚರ ನೋಟವೂ ಹೋಯಿತು. "ಟೇಬಲ್ ಫ್ಯಾನು" ಎಂದರು. ಯಾರೂ ಕೇಳಿರಲಿಲ್ಲ.

ಬಾಗಿಲಕ್ಕ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟಳು. ತುಣುಕನ್ನು ತೆರೆದು, ಸದ್ದಿಲ್ಲದೆ, ಒಂದೇ ಕಡೆ ನಿಲ್ಲಿಸಿ ಟೀಚರ ಕಡೆಗೆ ತಿರುಗಿಸಿದಳು. ಅವರು ಕಣ್ಣು ಬೇರೆ ಕಡೆಗೆ ಹೊರಳಿಸಿದರು.

"ಇದನ್ನೇ ತೋರಿಸೋಕೆ ಬಂದ್ರಾ? ಇಡೀ ಶಾಲೆ ನೋಡಿ ಆಯ್ತಲ್ಲ. ಪ್ರಿನ್ಸಿಪಾಲ್ ನನ್ನ ಜೊತೆ ಮಾತಾಡ್ತಿಲ್ಲ. ಪೋಷಕರು ಬೇರೆ ಟೀಚರ್ ಬೇಕು ಅಂತಿದಾರೆ. ಇನ್ನೇನು ಉಳಿದಿದೆ ನೋಡೋಕೆ?"

"ಕಿಟಕಿ ಮೇಡಂ."

"ಏನು?"

"ನಿಮ್ಮ ಕಿಟಕಿ ನಮಗೆಲ್ಲ ಬಲಗಡೆ ಕಾಣತ್ತೆ. ಇದರಲ್ಲಿ ಎಡಗಡೆ ಇದೆ. ಎಡಗಡೆ ಕಾಣೋದು ನಿಮ್ಮ ಪರದೆ ಮೇಲೆ ಮಾತ್ರ."

ಟೀಚರ ಬೆರಳು ಮೇಜಿನ ಮೇಲೆ ಒಂದು ತ್ರಿಕೋನ ಬರೆಯಿತು, ಅಳಿಸಿತು.

"ವಿಡಿಯೋ ತಿರುಗಿಸೋಕೆ ಬರಲ್ವಾ ಈಗಿನ ಮಕ್ಕಳಿಗೆ? ಒಂದು ಗುಂಡಿ ಒತ್ತಿದ್ರೆ ಎಡ ಬಲ ಆಗತ್ತೆ."

"ಬರತ್ತೆ. ಆದ್ರೆ ಕದ್ದವರು ತಮ್ಮ ಗುರುತು ಮುಚ್ಚಿಡ್ತಾರೆ. ನಿಮ್ಮ ಕಿಟಕಿ ತಿರುಗಿಸಿ ಅವರಿಗೇನು ಲಾಭ?"

"ನನ್ನನ್ನೇ ಸಿಕ್ಕಿಸೋಕೆ ಇರ್ಬಹುದು."

"ಇರ್ಬಹುದು" ಎಂದಳು ಬಾಗಿಲಕ್ಕ. ನಾಲಗೆ ಒಣಗುತ್ತಿತ್ತು, ಆದರೆ ಮುಂದಿನ ಮಾತು ತಾನಾಗಿ ಬಂತು. "ಇನ್ನೊಂದು ಇದೆ. ಇದರಲ್ಲಿ ನೀವು ಒಂದ್ಸಲವೂ ಕ್ಯಾಮೆರಾ ನೋಡಿಲ್ಲ. ಅದರ ಮೇಲಿಂದ ನೋಡಿದೀರ. ಈ ಕುರ್ಚಿ ಕಡೆ. ಒಬ್ಬಳೇ ಇರೋವಾಗ ಯಾರೂ ಇಷ್ಟು ಚೆನ್ನಾಗಿ ಅಣಕಿಸಲ್ಲ ಮೇಡಂ. ನೀವು ಯಾರನ್ನೋ ನಗಿಸ್ತಾ ಇದ್ರಿ."

ಟೀಚರ ಮುಖದ ಮೇಲೆ ಏನೋ ಹಾದು ಹೋಯಿತು. ಸಿಕ್ಕಿಬಿದ್ದವರ ಗಾಬರಿ ಎಂದು ಬಾಗಿಲಕ್ಕ ನಿರೀಕ್ಷಿಸಿದ್ದಳು. ಆದರೆ ಅದು ಅದಲ್ಲ. ಒಂದು ಒಳ್ಳೆಯ ಸಂಜೆಯನ್ನು ನೆನೆದವರ ಮುಖ, ಆ ಸಂಜೆ ಎಲ್ಲಿಗೆ ಬಂದು ಮುಟ್ಟಿತೆಂದು ನೆನೆದವರ ಮುಖ.

"ಯಾರೂ ಇರ್ಲಿಲ್ಲ" ಎಂದರು.

"ಮಿಸ್." ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ಮುಂಗೋಳಿ ಮೊದಲ ಸಲ ಬಾಯಿ ಬಿಟ್ಟಳು. "ನನ್ನ ಕಡೆ ನೋಡಿ ಹೇಳಿ ಮಿಸ್. ನಾನೇ ಮಾಡಿದ್ದು ಅಂತ ನೀವೂ ನಂಬ್ತೀರಾ?"

ಟೀಚರ್ ನೋಡಲಿಲ್ಲ.

"ನಿಮ್ಮ ಕ್ಲಾಸಿಗೆ ಒಂದು ದಿನಾನೂ ತಪ್ಪಿಸ್ಕೊಂಡಿಲ್ಲ ನಾನು. ಇವತ್ತು ಸಂಜೆ ನನ್ನ ತೆಗೆದುಹಾಕ್ತಾರೆ. ನೀವು ಒಂದು ಮಾತು ಹೇಳಿದ್ರೆ ನಿಲ್ಲತ್ತೆ."

"ನಿನಗೆ ಅರ್ಥ ಆಗಲ್ಲ ಪುಟ್ಟಾ."

"ಅರ್ಥ ಮಾಡ್ಸಿ ಮಿಸ್. ಲೆಕ್ಕ ಅಷ್ಟು ಚೆನ್ನಾಗಿ ಮಾಡ್ಸಿದೀರಲ್ಲ."

ಟೀಚರ್ ಕಣ್ಣು ಮುಚ್ಚಿಕೊಂಡರು. ಬೆಕ್ಕು ಒಳಬಾಗಿಲನ್ನು ಮೆಲ್ಲಗೆ ಕೆರೆಯಿತು.

"ತರಗತಿಯ ಹೊತ್ತಾಯ್ತು" ಎಂದು ಟೀಚರ್ ಎದ್ದರು. ಅವರ ದನಿ ಇನ್ನೂ ತಗ್ಗಿತ್ತು. "ನೀವು ಹೊರಡಿ. ಮನೆಗೆ ಹೋಗಿ ಬಾಗಿಲು ತೆಗೀರಿ, ಮಕ್ಕಳು ಕಾಯ್ತಿರ್ತಾರೆ."

"ಇವತ್ತು ಇಲ್ಲಿಂದಾನೇ ತೆಗೀತೀನಿ ಮೇಡಂ."

"ಇಲ್ಲಿಂದ ಬೇಡ." ಆ ಮಾತು ಬೇಗ ಬಂತು. "ಒಂದೇ ಮನೆಯಲ್ಲಿ ಎರಡು ಇದ್ರೆ ಕೂಗತ್ತೆ, ನಿಮಗೆ ಗೊತ್ತಿಲ್ವಾ?"

ಬಾಗಿಲಕ್ಕನಿಗಲ್ಲದೆ ಇನ್ಯಾರಿಗೆ ಗೊತ್ತು. ಶಾಲೆಯ ಅಕ್ಕ ತಂಗಿ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಸೇರಿದ ದಿನ ಇಡೀ ತರಗತಿ ಕಿವಿ ಮುಚ್ಚಿಕೊಳ್ಳುತ್ತಿತ್ತು. ಒಂದರ ಸದ್ದನ್ನು ಇನ್ನೊಂದರ ಮೈಕು ಹಿಡಿದು, ಮತ್ತೆ ವಾಪಸು ಕಳಿಸಿ, ಅದು ಬೆಳೆದು ಬೆಳೆದು ಗಾಯಗೊಂಡ ಪ್ರಾಣಿಯ ಹಾಗೆ ಅರಚುತ್ತಿತ್ತು. ಗೋಡೆಯಾಚೆ ಇದ್ದರೂ ಬಿಡದು. ಹಾಗೆ ಅರಚಿದರೆ ಇಬ್ಬರೂ ಒಂದೇ ಸೂರಿನಡಿ ಇದ್ದಾರೆಂದೇ ಅರ್ಥ.

"ನಿಮ್ಮ ಫೋನು ಇನ್ನೂ ಸೇರಿಲ್ವಲ್ಲ ಮೇಡಂ" ಎಂದಳು. "ಮೇಜಿನ ಮೇಲೆ ಸುಮ್ಮನೆ ಮಲಗಿದೆ. ಕೂಗೋಕೆ ಇನ್ನೊಂದು ಎಲ್ಲಿದೆ?"

ಟೀಚರ ಕಣ್ಣು ಒಳಬಾಗಿಲ ಕಡೆ ಹೊರಳಿತು.

ಬಾಗಿಲಕ್ಕ ತರಗತಿಯನ್ನು ತೆರೆದಳು. ಒಳಗೆ ಬಂದವರ ಮೈಕು ತಾನಾಗಿ ಮುಚ್ಚಿಕೊಳ್ಳಲಿ ಎಂಬ ಕಡೆ ಸದಾ ಒಂದು ಟಿಕ್ಕು ಇರುತ್ತಿತ್ತು. ಕೆಲಸಕ್ಕೆ ಸೇರಿದಾಗಿನಿಂದ ಅದನ್ನು ಮುಟ್ಟಿರಲಿಲ್ಲ. ಇವತ್ತು ತೆಗೆದಳು. ಲ್ಯಾಪ್‌ಟಾಪಿನ ಸದ್ದನ್ನು ಪೂರ್ತಿ ಏರಿಸಿದಳು.

"ಮೇಡಂ, ನೀವು ಸಾಕ್ಷಿ. ಹುಡುಗಿಯ ಎರಡೂ ಕೈ ನೋಡಿ. ಫೋನು ನಮ್ಮಮ್ಮನ ಹತ್ರ ಇದೆ. ಈಗ ಇವಳ ಹೆಸರು ಬಾಗಿಲು ತಟ್ಟಿದ್ರೆ, ತಟ್ಟಿದ್ದು ಇವಳಲ್ಲ ಅಂತ ಸಭೆಯಲ್ಲಿ ನೀವೇ ಹೇಳ್ಬೇಕು."

ವೇಟಿಂಗ್ ರೂಮಿನಲ್ಲಿ ಹೆಸರುಗಳು ಮೂಡತೊಡಗಿದವು. ಒಂದು, ಇನ್ನೊಂದು. 'ಕನೆಕ್ಟ್ ಆಗುತ್ತಿದೆ' ಎಂಬವನೂ ಬಂದ. ಬಾಗಿಲಕ್ಕ ಯಾರಿಗೂ ತೆಗೆಯಲಿಲ್ಲ. ಮುಂಗೋಳಿ ಅವಳ ಹಿಂದೆ ಬಂದು ನಿಂತಳು. ಹುಡುಗಿಯ ಉಸಿರು ಅವಳ ಕಿವಿಗೆ ತಾಗುತ್ತಿತ್ತು.

"ಬರಲ್ಲ ಬಿಡಿ ಅಕ್ಕ" ಎಂದಳು ಹುಡುಗಿ. "ಇವತ್ತೇ ಬರಲ್ಲ. ನನ್ನ ಹಣೆಬರಹ."

ಆಗ ಬಂತು. ಉಳಿದ ಹೆಸರುಗಳ ಕೆಳಗೆ, ಅದೇ ಹೆಸರು, ಅದೇ ಕ್ರಮಸಂಖ್ಯೆ. ಹೆಸರಿನ ಒಡತಿ ಬರಿಗೈಯಲ್ಲಿ ಬಾಗಿಲಕ್ಕನ ಭುಜ ಹಿಡಿದು ನಿಂತಿದ್ದಳು.

"ನೋಡಿದ್ರಾ ಮಿಸ್?" ಹುಡುಗಿ ಬರಿಗೈ ಎತ್ತಿ ತೋರಿಸಿದಳು. "ನೋಡಿದ್ರಾ? ನಾನಲ್ಲ."

"ತೆಗೀಬೇಡಿ" ಎಂದರು ಟೀಚರ್. ಅವರು ನೋಡುತ್ತಿದ್ದದ್ದು ಪರದೆಯನ್ನಲ್ಲ. ಒಳಬಾಗಿಲನ್ನೂ ಅಲ್ಲ. ಮುಂಗೋಳಿಯ ಮುಖವನ್ನು. "ಇವಳ ಮುಂದೆ ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ. ಇವಳನ್ನ ಹೊರಗೆ ಕಳಿಸಿ, ಆಮೇಲೆ ಏನು ಬೇಕಾದ್ರೂ ಕೇಳಿ."

ಬಾಗಿಲಕ್ಕನ ಬೆರಳು ಒಂದು ಕ್ಷಣ ತಡೆಯಿತು. ಯಾಕೆ ಈ ಹುಡುಗಿಯ ಮುಂದೆ ಬೇಡ?

ಆದರೆ ಸಂಜೆ ಹತ್ತಿರ ಬರುತ್ತಿತ್ತು. ಅವಳು ಒತ್ತಿದಳು.

ಕಪ್ಪು ಚೌಕವೊಂದು ತೆರೆದುಕೊಂಡಿತು. ಮೊದಲು ಬಂದದ್ದು ಒಂದು ಸಣ್ಣ ಸೀಟಿಯಂಥ ಸದ್ದು. ಅದು ತನ್ನನ್ನೇ ತಾನು ನುಂಗಿಕೊಂಡು ದಪ್ಪವಾಯಿತು, ಏರಿತು, ಕೋಣೆಯನ್ನೆಲ್ಲ ತುಂಬಿ ಅರಚಿತು. ಬೆಕ್ಕು ಹಾರಿ ಕಪಾಟಿನ ಮೇಲೆ ಏರಿತು. ಮುಂಗೋಳಿ ಎರಡೂ ಕಿವಿ ಮುಚ್ಚಿಕೊಂಡಳು. ಬಾಗಿಲಕ್ಕ ತಡವರಿಸಿ ಲ್ಯಾಪ್‌ಟಾಪಿನ ಸದ್ದು ಅಡಗಿಸಿದಳು.

ಕೋಣೆಯಲ್ಲಿ ಉಳಿದದ್ದು ಟೀಚರ ಉಸಿರು ಮಾತ್ರ. ಆ ಟೇಬಲ್ ಫ್ಯಾನಿನ ಸದ್ದು ಎಲ್ಲೂ ಇರಲಿಲ್ಲ.

ಮುಚ್ಚಿದ ಬಾಗಿಲಿನ ಆಚೆ ಯಾರೋ ಕಿವಿಯಿಂದ ಇಯರ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿದ ಹಾಗಾಯಿತು. ಕುರ್ಚಿ ಸರಿಯಿತು. ಹೆಜ್ಜೆ ಬಾಗಿಲಿನವರೆಗೆ ಬಂದು ನಿಂತಿತು. ಮಾತಾಡಲು ಹೊರಟ ಗಂಟಲೊಂದು ಹಳೆಯ ಸ್ಕೂಟರಿನಂತೆ ಕಿಕ್ ಹೊಡೆಯಿತು.

ಒಂದು ಸಲ. ಇನ್ನೊಂದು ಸಲ.

ಮುಂಗೋಳಿಯ ಕೈಗಳು ಕಿವಿಯಿಂದ ಮೆಲ್ಲಗೆ ಕೆಳಗೆ ಬಂದವು. ಬಾಗಿಲಕ್ಕ ಅವಳನ್ನು ನೋಡಲು ಹೆದರಿದಳು. ಅವಳ ಅಣ್ಣ. ಫೋನು ತಂದುಕೊಟ್ಟವನು, ಪಾಸ್‌ವರ್ಡೂ ಸೇರಿ ಎಲ್ಲಾ ಹಾಕಿಕೊಟ್ಟವನು. ಪಾಸ್‌ವರ್ಡನ್ನು ಯಾರಿಗೂ ಹೇಳಿಲ್ಲ ಎಂದು ಹುಡುಗಿ ಅಷ್ಟು ಅವಸರದಲ್ಲಿ ಹೇಳಿದ್ದು ಯಾಕೆಂದು ಈಗ ಹೊಳೆಯಿತು. ಬೇರೆ ಊರಿನಲ್ಲಿ ಇರಬೇಕಾದವನು ಈ ಬಾಗಿಲಿನ ಹಿಂದೆ ನಿಂತಿದ್ದ. ಟೀಚರ ಎದುರಿನ ಕುರ್ಚಿಯನ್ನು ಬೆಚ್ಚಗೆ ಮಾಡಿದವನು, ನಕ್ಕವನು, ಆ ನಗುವನ್ನೇ ತಂಗಿಯ ಹೆಸರಿನಲ್ಲಿ ಇಡೀ ಶಾಲೆಯ ಮುಂದೆ ಎಸೆದವನು. ಯಾಕೆ? ಟೀಚರ್ ಅವನನ್ನು ಬಚ್ಚಿಟ್ಟಿದ್ದಾರೋ, ಇಲ್ಲ ಅವನೇ ಅವರನ್ನು ಹಿಡಿದಿಟ್ಟಿದ್ದಾನೋ?

ಕೇಳುವ ಮುಂಚೆ ಹುಡುಗಿ ಕೋಣೆ ದಾಟಿ ಹೋಗಿದ್ದಳು. ಬಾಗಿಲು ತೆಗೆಯುತ್ತಾಳೆ ಎಂದುಕೊಂಡಳು ಬಾಗಿಲಕ್ಕ. ತೆಗೆಯಲಿಲ್ಲ. ಅದಕ್ಕೆ ಬೆನ್ನು ಕೊಟ್ಟು ನಿಂತು, ಕೈ ಹಿಂದೆ ಮಾಡಿ, ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಮುಖದಲ್ಲಿ ರಕ್ತವೇ ಇರಲಿಲ್ಲ. ದನಿ ಮಾತ್ರ ಹಾಜರಿ ಹೇಳುವಾಗಿನಷ್ಟೇ ನೆಟ್ಟಗಿತ್ತು.

"ಅಕ್ಕ, ಪ್ರಿನ್ಸಿಪಾಲ್ ಮೇಡಂಗೆ ಈಗ್ಲೇ ಫೋನ್ ಮಾಡಿ. ವಿಡಿಯೋ ಹಾಕಿದ್ದು ನಾನೇ ಅಂತ ಹೇಳಿ."

"ಏನು ಮಾತಾಡ್ತಿದೀಯ ನೀನು?"

"ನಾನೇ ಮಾಡಿದ್ದು. ಒಬ್ಬಳೇ. ಅಣ್ಣ ಬೇರೆ ಊರಲ್ಲಿದಾನೆ. ಸಭೆಗೂ ಬಂದು ಇದನ್ನೇ ಹೇಳ್ತೀನಿ."

ಅವಳ ಬೆನ್ನ ಹಿಂದೆ, ಬಿಗಿದ ಬೆರಳುಗಳ ನಡುವೆ, ಬಾಗಿಲಿನ ಹಿಡಿ ಒಳಗಿನಿಂದ ಮೆಲ್ಲಗೆ ತಿರುಗತೊಡಗಿತ್ತು.